ಎಲೆಬುಟ್ಟಿಯ ಮೇಲಿನ ಏಳನೇ ನಂಬರು

ನನ್ನ ನಿಶ್ಚಿತಾರ್ಥವೂ ಸೈಕಲ್ ರೇಸೂ ಒಂದೇ ದಿನ ಬಂದವು. ಅದೇನು ತಾನಾಗಿ ಕೂಡಿಬಂದದ್ದಲ್ಲ. ಹಿರೇಕೆರೂರಿನ ಬೀಗರು ಬೇಕೆಂದೇ ಆ ದಿನ ಹಿಡಿದಿದ್ದರು. ಹುಡುಗನಿಗೆ ತಂದೆ ಇರಲಿಲ್ಲ, ಮನೆಯ ಹಿರೇತನವೆಲ್ಲ ಸೋದರಮಾವನದು. ಆ ಸೋದರಮಾವನಿಗೆ ಸೈಕಲ್ ರೇಸಿನ ಹುಚ್ಚು. ಪಂಚಾಂಗ ನೋಡಿದ ಅಯ್ಯನವರು ಎರಡು ದಿನ ಹೇಳಿದ್ದರಂತೆ. ರೇಸಿನ ದಿನವೇ ಹೆಚ್ಚು ಪ್ರಶಸ್ತ ಎಂದು ಇವರೇ ತೀರ್ಮಾನಿಸಿ, ಒಮ್ಮೆ ಗಾಡಿ ಹೂಡಿದರೆ ಎರಡೂ ಕೆಲಸ ಆಗುತ್ತವೆ ಎಂದು ನಮ್ಮಪ್ಪನಿಗೆ ಹೇಳಿಕಳಿಸಿದರು.

ಅಪ್ಪ ಗೊಣಗಿದರೂ ಒಪ್ಪಿದ. ನನಗಂತೂ ಈ ಸಂಬಂಧ ಕೈತಪ್ಪಬಾರದಿತ್ತು. ಹುಡುಗನ ರೂಪ ನೋಡಿ ಹೀಗೆ ಹೇಳುತ್ತಿಲ್ಲ, ಅವರನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಅವರು ಕನ್ನಡ ಶಾಲೆಯ ಮಾಸ್ತರು. ಮದುವೆಯಾದ ಮೇಲೆ ಹುಡುಗಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂತರೆ ತಮ್ಮ ಅಡ್ಡಿ ಇಲ್ಲ ಎಂದು ತಾವಾಗಿಯೇ ಹೇಳಿಕಳಿಸಿದ್ದರು. ಅದಕ್ಕೆ ಮೊದಲು ನನ್ನನ್ನು ನೋಡಲು ಬಂದ ಎರಡು ಮನೆಯವರು, ಹುಡುಗಿ ಓದುತ್ತೇನೆನ್ನುತ್ತಾಳೆ, ಬಾಯಿ ಜೋರು ಎಂದು ಎದ್ದುಹೋಗಿದ್ದರು. ಅವ್ವ ಆ ವಾರವೆಲ್ಲ ಒಂದೇ ಮಾತು ಹೇಳಿದಳು: “ಅವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೋ ನಮ್ಮವ್ವಾ, ನಿನ್ನ ಕಾಲಿಗೆ ಬೀಳ್ತೇನಿ.” ನಾನೂ ಹಾಗೇ ಆಗಲಿ ಎಂದು ಆಣೆ ಮಾಡಿದ್ದೆ.

ಯುದ್ಧ ಮುಗಿದು ಟಾಯರು ಟ್ಯೂಬು ಮತ್ತೆ ಸಿಗತೊಡಗಿದ ಕಾಲ ಅದು. ನಾಲ್ಕು ಊರಿನ ಸೈಕಲ್ ಅಂಗಡಿಯವರು ಸೇರಿ ರೇಸು ಗೊತ್ತುಮಾಡಿದ್ದರು. ಸವಣೂರಿನಿಂದ ಶಿಗ್ಗಾಂವಿಗೆ, ಅಲ್ಲಿಂದ ಬಂಕಾಪುರದ ಮೇಲೆ ಹಾಯ್ದು ನಮ್ಮೂರು ಹಾನಗಲ್ಲಿಗೆ. ಗೆದ್ದವನಿಗೆ ಹೊಸ ಸೈಕಲ್. ಒಂದೊಂದು ಊರಿಗೆ ಇಬ್ಬರು ಸವಾರರು, ಎಲ್ಲರೂ ಅಂಗಡಿಯವರು ಸಂಬಳ ಕೊಟ್ಟು ಸಾಕಿದವರು. ಅವರಲ್ಲಿ ಹಿರೇಕೆರೂರಿನ ಇಬ್ಬರಲ್ಲಿ ಒಬ್ಬ ದೊಡ್ಡ ಹೆಸರಿನವನು, ಹುಬ್ಬಳ್ಳಿಯಲ್ಲಿ ಗೆದ್ದು ಬಂದಿದ್ದ. ಅವನ ತೊಡೆ ಇಷ್ಟು ದಪ್ಪ, ಅವನು ದಿನಕ್ಕೆ ಇಷ್ಟು ಹಾಲು ಕುಡಿಯುತ್ತಾನೆ ಎಂದು ನಮ್ಮೂರಿನ ಹೆಂಗಸರು ಕೂಡ ಬಾವಿಕಟ್ಟೆಯಲ್ಲಿ ಮಾತಾಡುತ್ತಿದ್ದರು. ರೇಸು ಮುಗಿಯುವಲ್ಲಿ ಹಗ್ಗದ ಹತ್ತಿರ ನಿಂತು ನಿರ್ಣಯ ಹೇಳಲು ಒಬ್ಬ ಮಾಸ್ತರು ಬೇಕಾಯಿತು. ಮಾಸ್ತರರು ಸುಳ್ಳು ಹೇಳುವುದಿಲ್ಲ ಎಂದು ಆಗ ಜನ ನಂಬಿದ್ದರು. ಆ ಕೆಲಸ ಹಿರೇಕೆರೂರಿನ ಮಾಸ್ತರರಿಗೆ, ಅಂದರೆ ನನ್ನನ್ನು ನಿಶ್ಚಯಿಸಲಿದ್ದವರಿಗೇ ಬಂತು.

ಇನ್ನು ಎಲೆಯ ಸಂಗತಿ. ನಿಶ್ಚಯವೆಂದರೆ ಎಲೆ-ಅಡಿಕೆ ಕೈ ಬದಲಾಗುವುದು. ಎಲೆ ಇಲ್ಲದೆ ಮಾತು ಗಟ್ಟಿಯಾಗುವುದಿಲ್ಲ, ಅದೂ ಸವಣೂರಿನ ಎಲೆಯೇ ಆಗಬೇಕು. ಸವಣೂರಿನ ತೋಟದಿಂದ ನಮ್ಮೂರಿಗೆ ಎಲೆ ತರುವ ಕಾಕಾ ಒಬ್ಬನಿದ್ದ. ನಾನು ಅಂಬೆಗಾಲಿಡುವಾಗಿನಿಂದ ಅವನು ನಮ್ಮ ಮನೆಯ ಮುಂದೆ ಸೈಕಲ್ ನಿಲ್ಲಿಸುತ್ತಿದ್ದ. ಹಿಂದಿನ ಕ್ಯಾರಿಯರಿಗೆ ದೊಡ್ಡ ಬುಟ್ಟಿ, ಅದರ ಮೇಲೆ ಒದ್ದೆ ಗೋಣಿತಾಟು. ಬುಟ್ಟಿ ತೊಟ್ಟಿಕ್ಕುತ್ತಿರಬೇಕು, ತೊಟ್ಟಿಕ್ಕುವುದು ನಿಂತರೆ ಎಲೆ ಬಾಡಿತೆಂದು ಲೆಕ್ಕ. ಹಳ್ಳ ಕಂಡಲ್ಲೆಲ್ಲ ಇಳಿದು ನೀರು ಚಿಮುಕಿಸಿಕೊಂಡು ಬರುತ್ತಿದ್ದ. ನಿಶ್ಚಯದ ಎಲೆ ಮಧ್ಯಾಹ್ನದೊಳಗೆ ಮುಟ್ಟಿಸುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದ.

ಆ ಬೆಳಗ್ಗೆ ಸವಣೂರಿನಲ್ಲಿ ನಡೆದದ್ದು ನಮಗೆ ಆಮೇಲೆ ತಿಳಿಯಿತು. ಸವಣೂರಿನ ಸವಾರನೊಬ್ಬನಿಗೆ ಜ್ವರ ಬಂದಿತ್ತು. ಊರಿನ ಮರ್ಯಾದೆ ಹೋಗಬಾರದೆಂದು ಅಂಗಡಿಯವರು ದಾರಿಯಲ್ಲಿ ಹೊರಟಿದ್ದ ಕಾಕಾನನ್ನೇ ತಡೆದು, ಬೆನ್ನಿಗೆ ಏಳನೇ ನಂಬರಿನ ಬಟ್ಟೆ ಕಟ್ಟಿದರು. ಎಲೆ ಮುಟ್ಟಿಸದೆ ಬೇರೆ ಕೆಲಸವಿಲ್ಲ, ಬುಟ್ಟಿ ಸಹಿತ ಬರುವುದಾದರೆ ಬರುತ್ತೇನೆ ಎಂದ ಕಾಕಾ. ಉಳಿದ ಊರುಗಳವರು ಹೊಟ್ಟೆ ಹಿಡಿದು ನಕ್ಕರಂತೆ. ಬೇಕಾದರೆ ರುಬ್ಬುಗುಂಡು ಹೇರಿಕೊಂಡು ಬಾ ಎಂದು ಒಪ್ಪಿದರಂತೆ. ಸೀಟಿ ಊದಿದ ಕೂಡಲೇ ಉಳಿದ ಏಳೂ ಜನ ಧೂಳೆಬ್ಬಿಸಿ ಮಾಯವಾದರು. ಕಾಕಾ ದಿನದ ಹದದಲ್ಲೇ ಪೆಡಲು ತುಳಿಯುತ್ತ ಹೊರಟ.

ನಮ್ಮ ಮನೆ ದೊಡ್ಡ ರಸ್ತೆಗೇ ಇತ್ತು. ರೇಸು ಮುಗಿಯುವ ಹಗ್ಗ ನಮ್ಮ ಬಾಗಿಲಿನಿಂದ ಐವತ್ತು ಹೆಜ್ಜೆ ಮುಂದೆ. ಹಿರೇಕೆರೂರಿನಿಂದ ಗಾಡಿಗಳ ಸಾಲೇ ಬಂದಿತ್ತು. ಅವರು ಬಾರಿಸಲು ಹಲಗಿ ತಂದಿದ್ದರು, ಗೆದ್ದವನಿಗೆ ಹಾಕಲು ಆಳೆತ್ತರದ ಹೂಮಾಲೆ ತಂದಿದ್ದರು. ರೇಸು ಇನ್ನೂ ಶಿಗ್ಗಾಂವಿ ದಾಟಿತ್ತೋ ಇಲ್ಲವೋ, ಇಲ್ಲಿ ಆಗಲೇ ಗೆದ್ದ ಕುಣಿತ. ಸೋದರಮಾವ ಹಳದಿ ರುಮಾಲು ಸುತ್ತಿ, ಮಾಲೆ ಹಿಡಿದವನ ಪಕ್ಕದಲ್ಲೇ ನಿಂತಿದ್ದರು. ನಮ್ಮೂರಿನವರು ನಮ್ಮ ಸವಾರರ ಮೇಲೆ ಆಸೆ ಇಟ್ಟುಕೊಂಡಿದ್ದರು, ಆದರೆ ಅವರ ಗಂಟಲಲ್ಲಿ ಅಷ್ಟು ಧೈರ್ಯ ಇರಲಿಲ್ಲ.

ಹೆಂಗಸರಿಗೆ ಮಾಳಿಗೆಯೇ ಜಾಗ. ಅಕ್ಕಪಕ್ಕದ ಹೆಂಗಸರೆಲ್ಲ ನಮ್ಮ ಮಾಳಿಗೆ ಹತ್ತಿದ್ದರು. ನಾನು ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು, ಬಾಯಿ ಮುಚ್ಚಿ ಎಲ್ಲರ ಹಿಂದೆ ನಿಂತೆ. ನಿಂತೆನೆಂದರೆ ಎಷ್ಟು ಹೊತ್ತು? ಹಲಗಿ ಸದ್ದಿಗೆ ಕಾಲು ತಾವಾಗಿಯೇ ಮುಂದೆ ಬಂದವು. ಗೋಡೆಯ ಅಂಚಿಗೆ ಬಂದಾಗ ಅವ್ವ ಸೀರೆ ಹಿಡಿದು ಜಗ್ಗಿದಳು, ನಾನು ಕೇಳಲಿಲ್ಲ.

ಹೊತ್ತು ನೆತ್ತಿಗೆ ಬಂತು. ಎಲೆ ಬಂದಿರಲಿಲ್ಲ, ರೇಸೂ ಬಂದಿರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಒಂದು ಸೈಕಲ್ ಕಂಡಿತು. ಬಂದ ಬಂದ ಎಂದು ಜನ ಒಮ್ಮೆಗೇ ಎದ್ದರು, ಹಲಗಿ ಜೋರಾಯಿತು, ಮಾಲೆ ಮೇಲೆದ್ದಿತು. ಹತ್ತಿರ ಬಂದಾಗ ನೋಡಿದರೆ ನಮ್ಮ ಎಲೆ ಕಾಕಾ. ಬೀದಿಗೆ ಬೀದಿಯೇ ನಕ್ಕಿತು. ಸೈಕಲ್ ಬದಿಗೆ ತಗೋ, ರೇಸು ಬರುವ ಹೊತ್ತು ಎಂದು ಹತ್ತು ಜನ ಬೈದರು. ಮಾಲೆ ಹಿಡಿದವನು ಕೈ ಸೋತು ಮಾಲೆ ಇಳಿಸಿದ.

ಕಾಕಾ ಬೈಗುಳಕ್ಕೆ ತಲೆಬಾಗಿ, ದಿನದಂತೆ ನಮ್ಮ ಬಾಗಿಲಲ್ಲಿ ಇಳಿದು, ಸೈಕಲ್ಲನ್ನು ಕಟ್ಟೆಗೆ ಆನಿಸಿದ. ತಡವಾಯಿತೆಂದು ಅಪ್ಪನಿಗೆ ಕೈಮುಗಿದ. ಉಳಿದವರು ಯಾವಾಗಲೋ ಮುಟ್ಟಿ ಊಟಕ್ಕೆ ಕೂತಿರಬೇಕೆಂದೇ ಅವನ ಎಣಿಕೆ. ಅವರನ್ನು ಅವನು ದಾರಿಯಲ್ಲಿ ದಾಟಿ ಬಂದದ್ದು ಅವನಿಗೆ ಗೊತ್ತೇ ಇರಲಿಲ್ಲ. ಬಂಕಾಪುರದ ಆಚೆ ರಸ್ತೆಯಲ್ಲಿ ಜಾಲಿಮುಳ್ಳು ಬಿದ್ದು ಅವರ ತೆಳ್ಳನೆ ಟಾಯರುಗಳೆಲ್ಲ ಒಂದಾದ ಮೇಲೊಂದು ಪಂಕ್ಚರ್ ಆಗಿದ್ದವು. ಸವಾರರ ಸುತ್ತ ಅಲ್ಲಲ್ಲಿ ಜನ ಮುತ್ತಿ ನಿಂತಿದ್ದರು. ಇವನು ರೇಸು ನೋಡಲು ನಿಂತ ಜನ ಎಂದುಕೊಂಡು, ದಾರಿ ಬಿಡಿಸಿಕೊಂಡು ಬಂದುಬಿಟ್ಟಿದ್ದ.

ಕಾಕಾ ಬುಟ್ಟಿಯ ಹಗ್ಗ ಬಿಚ್ಚತೊಡಗಿದ. ಮೇಲಿನಿಂದ ಬುಟ್ಟಿಯ ಬಾಯಿ ನನಗೆ ನೇರ ಕಾಣುತ್ತಿತ್ತು. ಅದರ ಮೇಲೆ ಹಾಸಿದ್ದು ದಿನದ ಗೋಣಿತಾಟಲ್ಲ. ಸವಾರರ ಬೆನ್ನಿಗೆ ಕಟ್ಟುವಂಥ ಬಿಳಿ ಬಟ್ಟೆ, ಅದರ ಮೇಲೆ ಡಾಂಬರಿನಲ್ಲಿ ಬರೆದ ಮೊಳದುದ್ದದ ೭.

ಬಿಸಿಲಿಗೆ ಎಲೆ ಬಾಡುತ್ತಿದ್ದುದನ್ನು ಕಂಡು ಆ ಮನುಷ್ಯ ಬೆನ್ನಿನ ನಂಬರು ಬಿಚ್ಚಿ, ಹಳ್ಳದಲ್ಲಿ ಅದ್ದಿ, ಎಲೆಯ ಮೇಲೆ ಹೊದಿಸಿದ್ದ. ಬೀದಿಯಲ್ಲಿದ್ದ ಯಾರಿಗೂ ಅದು ಕಾಣುವಂತಿರಲಿಲ್ಲ. ಕಾಕಾ ರೇಸಿನಲ್ಲಿದ್ದಾನೆ. ಕಾಕಾನೇ ಮೊದಲು ಬಂದಿದ್ದಾನೆ. ಮೊದಲು ಬಂದವನು ಹಗ್ಗಕ್ಕೆ ಐವತ್ತು ಹೆಜ್ಜೆ ಇರುವಾಗಲೇ ನಮ್ಮ ಬಾಗಿಲಲ್ಲಿ ನಿಂತು ಎಲೆ ಇಳಿಸುತ್ತಿದ್ದಾನೆ.

ಆಗಲೇ ತಿರುವಿನಲ್ಲಿ ಇನ್ನೊಂದು ಧೂಳು ಎದ್ದಿತು. ಈ ಸಲ ನಿಜವಾದ ಸವಾರ, ಹಿರೇಕೆರೂರಿನವನೇ. ಹ್ಯಾಂಡಲಿನ ಮೇಲೆ ಬಾಗಿ ಬಿರುಸಾಗಿ ಬರುತ್ತಿದ್ದ. ಜನ ಹುಚ್ಚೆದ್ದರು. ಸೋದರಮಾವನ ರುಮಾಲು ಬಿಚ್ಚಿ ಹೆಗಲಿಗೆ ಬಿದ್ದಿತ್ತು, ಅವರಿಗೆ ಅದರ ಪರಿವೆ ಇರಲಿಲ್ಲ.

ನಾನು ಕೂಗಿದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಿಶ್ಚಯದ ಹುಡುಗಿ, ಬೀಗರೆದುರು, ಬೀಗರ ಊರಿನವನೇ ಸೋಲಲೆಂದು ಮಾಳಿಗೆಯಿಂದ ಕೂಗುವುದು! ಮುಲ್ಕಿ ಪರೀಕ್ಷೆ ಕಣ್ಣೆದುರಿಗೇ ಬಂದು ನಿಂತಿತು. ಆದರೆ ಕೂಗದೆ ಇರಲು ನನ್ನಿಂದಾಗಲಿಲ್ಲ. ನಿಜ ಹೇಳಬೇಕೆಂದರೆ, ಅಷ್ಟು ಯೋಚನೆ ಮುಗಿಯುವ ಮೊದಲೇ ಬಾಯಿ ತೆರೆದಾಗಿತ್ತು.

“ಕಾಕಾ, ಎಲಿ ಬಿಡ್ರಿ! ನೀವಽ ಮೊದಲು ಬಂದೀರಿ, ಹಗ್ಗ ದಾಟ್ರಿ!”

ಕಾಕಾ ಕತ್ತೆತ್ತಿ ನೋಡಿದ. ಅವನ ಕೈಯಲ್ಲಿ ಎಲೆಯ ಒಂದು ಕಟ್ಟು ಇತ್ತು. “ಎಲಿ ಬಾಡ್ತಾವ ತಂಗಿ,” ಎಂದ. ಹಿಂದೆ ಆ ಸವಾರ ಬಂದೇಬಿಟ್ಟಿದ್ದ. ಎಲೆ ಹಾಳಾಗಿ ಹೋಗಲಿ ಎಂದು ನಾನು ಕಿರುಚಿದೆ. ನನ್ನ ನಿಶ್ಚಯದ ಎಲೆಗೇ ನಾನು ಹಾಗೆ ಅಂದದ್ದನ್ನು ಅವ್ವ ಸಾಯುವವರೆಗೂ ಮರೆಯಲಿಲ್ಲ. ಅಪ್ಪ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಬುಟ್ಟಿಯೊಳಗೆ ಇಣುಕಿದ, ಏನು ತಿಳಿಯಿತೋ, ಕಾಕಾನ ಬೆನ್ನಿಗೆ ಒಂದು ಗುದ್ದು ಕೊಟ್ಟು ಸೈಕಲ್ಲನ್ನು ರಸ್ತೆಗೆ ನೂಕಿದ. ಹತ್ತಿ ಕೂರಲು ಸಮಯವಿರಲಿಲ್ಲ. ಕಾಕಾ ಒಂದು ಕೈಯಲ್ಲಿ ಹ್ಯಾಂಡಲು, ಇನ್ನೊಂದು ಕೈಯಲ್ಲಿ ಎಲೆಯ ಕಟ್ಟು ಹಿಡಿದು ಓಡಿದ. ಬುಟ್ಟಿ ತೊನೆದಾಡುತ್ತಿತ್ತು, ನೀರು ದಾರಿಯುದ್ದಕ್ಕೂ ಚೆಲ್ಲುತ್ತಿತ್ತು. ಜನ ಬೈಯುತ್ತ ಎರಡು ಕಡೆ ಸರಿದರು. ಮಾಳಿಗೆಯ ಹೆಂಗಸರೆಲ್ಲ ಏಕೆಂದು ತಿಳಿಯದೆಯೇ ನನ್ನ ಜತೆ ಕೂಗತೊಡಗಿದರು. ಕಾಕಾನ ಮುಂದಿನ ಗಾಲಿ ಹಗ್ಗ ಮುಟ್ಟಿತು. ಒಂದು ಎತ್ತಿನಗಾಡಿಯ ಉದ್ದ ಹಿಂದೆ ಇನ್ನೊಬ್ಬನದು.

ಮಾಲೆ ಹಿರೇಕೆರೂರಿನ ಸವಾರನ ಕೊರಳಿಗೆ ಬಿದ್ದೇಬಿಟ್ಟಿತು. ಆದರೆ ನಿರ್ಣಯ ಹೇಳುವ ಮಾಸ್ತರು ಅತ್ತ ತಿರುಗಲಿಲ್ಲ. ನಡೆದು ಕಾಕಾನ ಬುಟ್ಟಿಯ ಹತ್ತಿರ ಹೋದರು, ಆ ಬಟ್ಟೆ ಎತ್ತಿ ಹಿಂಡಿ, ಎರಡು ಕೈಯಲ್ಲಿ ಅಗಲಿಸಿ ಜನರಿಗೆ ತೋರಿಸಿದರು. “ಏಳನೇ ನಂಬರ್ ಮೊದಲು,” ಎಂದರು. ನಾನು ಕೇಳಿದ ಅವರ ಮೊದಲ ಮಾತು ಅದೇ.

ಹಲಗಿ ನಿಂತಿತು. ಹಿರೇಕೆರೂರಿನವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನಮ್ಮ ಹಾನಗಲ್ಲಿನವರಿಗೆ ಬಂದ ಆವೇಶ ಏನು ಹೇಳಲಿ! ನಮ್ಮ ಸವಾರರು ಎಲ್ಲಿದ್ದಾರೆಂಬುದೂ ಗೊತ್ತಿಲ್ಲ, ಗೆದ್ದವನು ಸವಣೂರಿನವನು, ಆದರೂ ಹಿರೇಕೆರೂರು ಸೋತಿತಲ್ಲ ಎಂದು ಕುಣಿದದ್ದೇ ಕುಣಿದದ್ದು. ಐದು ನಿಮಿಷ ಹಿಂದೆ ಕಾಕಾನನ್ನು ಬೈದವರೇ ಅವನನ್ನು ಹೆಗಲ ಮೇಲೆ ಹೊತ್ತರು. ಕಾಕಾ ಮೇಲಿನಿಂದ, ಬುಟ್ಟಿ ನೆರಳಿಗೆ ಇಡಿ, ಬುಟ್ಟಿ ನೆರಳಿಗೆ ಇಡಿ ಎಂದು ಬೇಡಿಕೊಳ್ಳುತ್ತಿದ್ದ.

ಸೋದರಮಾವ ನಮ್ಮ ಪಡಸಾಲೆಗೆ ಬಂದು ಕೂತಾಗ ಮುಖ ಕೆಂಪಾಗಿತ್ತು. ನಂಬರು ಬೆನ್ನ ಮೇಲಿರಬೇಕಾದದ್ದು ಬುಟ್ಟಿಯ ಮೇಲಿದ್ದರೆ ಅದು ಹೇಗೆ ನ್ಯಾಯ ಎಂದು ಗುಡುಗಿದರು. ಮಾಸ್ತರಾದ ಅಳಿಯನಿಗೂ ಬೈದರು. ನನ್ನ ಹೆಸರು ಎತ್ತಲಿಲ್ಲ, ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ಅಪ್ಪ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಅವರ ಮುಂದೆ ಹಿಡಿದಾಗ ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

“ಆ ಬುಟ್ಟಿ ಎಲಿ ನಾ ಮುಟ್ಟಂಗಿಲ್ರಿ.”

ಊರಿನಲ್ಲಿ ಬೇರೆ ಎಲೆ ಇರಲಿಲ್ಲ. ಅಂಗಡಿಯವರೂ ಇದೇ ಬುಟ್ಟಿಗೆ ಕಾಯುತ್ತಿದ್ದವರು. ಅಪ್ಪ ತಟ್ಟೆ ಹಿಡಿದು ನಿಂತೇ ಇದ್ದ. ಬಾಗಿಲ ಮರೆಯಲ್ಲಿ ನನಗೆ ಅಳು ಬಂತು. ನನ್ನ ಬಾಯಿಯಿಂದ ಮನೆತನವೇ ತಲೆ ತಗ್ಗಿಸುವಂತಾಯಿತಲ್ಲ ಎಂದು ನಾಚಿಕೆಯಾಯಿತು. ಆದರೂ ಕೂಗಬಾರದಿತ್ತು ಎಂದು ಮಾತ್ರ ಅನ್ನಿಸಲಿಲ್ಲ.

ಬೀಗರ ಜತೆ ಊಟಕ್ಕೆಂದು ಸೋತ ಸವಾರನನ್ನೂ ಕರೆತಂದಿದ್ದರು. ಮಾಲೆ ತೆಗೆದು ಗೂಟಕ್ಕೆ ಹಾಕಿ, ಒಂದು ತಂಬಿಗೆ ನೀರು ಕುಡಿದು, ಅವನು ಸೀದಾ ಅಪ್ಪನ ಕೈಯಲ್ಲಿದ್ದ ತಟ್ಟೆಗೆ ಕೈ ಹಾಕಿದ. ಎರಡು ಎಲೆ ತೊಡೆಗೆ ಒರೆಸಿ, ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡ. ಶಾಸ್ತ್ರದ ಎಲೆ ಎಂದು ಅವನಿಗೆ ಗೊತ್ತಿರಲಿಲ್ಲ.

“ಮೂರು ಮೈಲಿ ಅಂವಾ ನನ್ನ ಕಣ್ಣ ಮುಂದಽ ಇದ್ದ,” ಎಂದ, ಜಗಿಯುತ್ತ. “ಬೆನ್ನಿಗೆ ನಂಬರ್ ಇರಲಿಲ್ಲ, ಬ್ಯಾರೆ ಯಾವನೋ ಎಲಿ ಮಾರಾಂವ ಅಂತ ನಾ ದಮ್ಮು ಹಿಡದು ಆರಾಮ ಬಂದ್ಯಾ. ಎಲಿ ಭಾಳ ಚಲೋ ಅದಾವ್ರಿ ಮಾಮಾ, ತಗೋರಿ.”

ಮೊದಲು ನಕ್ಕವರು ಮಾಸ್ತರು. ಆಮೇಲೆ ಅಪ್ಪ. ಸೋದರಮಾವ ನಗು ತಡೆಯಲು ಮೀಸೆ ಕಚ್ಚಿಕೊಂಡರು, ಆಗಲಿಲ್ಲ. ಕೊನೆಗೆ ತಟ್ಟೆಗೆ ಕೈ ಚಾಚಿ, ಅರ್ಧದಲ್ಲೇ ನಿಲ್ಲಿಸಿದರು. ಒಂದು ಷರತ್ತಿದೆ ಎಂದರು. ಅವ್ವ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಇನ್ನು ಓದಿನ ಮಾತು ಮುಗಿಯಿತು ಎಂದುಕೊಂಡೆ.

“ಬರೋ ವರ್ಷ ರೇಸು ಹಿರೇಕೆರೂರಾಗ ಐತಿ. ಹುಡುಗಿ ನಮ್ಮ ಮಾಳಿಗಿ ಮ್ಯಾಲ ನಿಂತು ಕೂಗಬೇಕು.”

ಅಪ್ಪ ಆಗಲಿ ಎಂದ, ಎಲೆ ಕೈ ಬದಲಾಯಿತು. ಮರುವರ್ಷ ಮುಲ್ಕಿ ಪರೀಕ್ಷೆಯ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡೇ ಆ ಮಾಳಿಗೆ ಹತ್ತಿ ನಿಂತೆ. ಕೆಳಗೆ ಸೋದರಮಾವ ಮಾಲೆ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅವರ ಸವಾರ ಮೂರನೆಯವನಾಗಿ ಬಂದ. ಮೂರನೆಯವನು ಎಂದೇ ಕೂಗಿದೆ.