ಮುಚ್ಚಳಕ್ಕೆ ಕೂರಿಸಿದ ಶಟರು

ಬಹಳ ಕಾಲ ನನ್ನ ಸ್ಟುಡಿಯೋದಲ್ಲಿ ಶಟರ್ ಎಂದರೆ ನನ್ನ ಬಲಗೈಯೇ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಗಾಜಿನ ಮಾಡಿನ ಒಂದು ಕೋಣೆ, ಅದರಲ್ಲಿ ಮೂರು ಕಾಲಿನ ಮೇಲೆ ನಿಂತ ದೊಡ್ಡ ಮರದ ಕ್ಯಾಮೆರಾ. ಹಿತ್ತಾಳೆ ಕೊಳವೆಯ ಒಳ್ಳೆಯ ಲೆನ್ಸೇನೋ ಇತ್ತು. ಆದರೆ ಅದರ ಬಾಯನ್ನು ಕ್ಷಣಮಾತ್ರ ತೆರೆದು ಮುಚ್ಚುವ ಶಟರ್ ಇರಲಿಲ್ಲ. ಬದಲಿಗೆ ಒಂದು ಹಿತ್ತಾಳೆ ಮುಚ್ಚಳ. ಅದನ್ನು ತೆಗೆದು, ಒಂದು, ಎರಡು, ಮೂರು ಎಂದು ಎಣಿಸಿ, ಮತ್ತೆ ಹಾಕಿದರೆ ಫೋಟೋ ಆಯಿತು. ಅಷ್ಟು ಹೊತ್ತು ಎದುರಿಗೆ ಕುಳಿತವರು ಅಲ್ಲಾಡಬಾರದು. "ಉಸಿರು ಹಿಡ್ಕೊಳ್ಳಿ!" ಎಂದು ನಾನು ಕೂಗಿದರೆ ಬೀದಿಯಲ್ಲಿ ಹೋಗುವವರೂ ಹಿಡಿದುಕೊಳ್ಳುತ್ತಾರೆ ಎಂದು ಅಕ್ಕಪಕ್ಕದ ಅಂಗಡಿಯವರು ನನ್ನನ್ನು ಆಡಿಕೊಳ್ಳುತ್ತಿದ್ದರು.

ನನಗೆ ಕೋಪ ಮೂಗಿನ ತುದಿಯಲ್ಲೇ. ಚಿತ್ರ ಮೂಡುವ ಗಾಜಿನ ಪ್ಲೇಟು ಒಂದು ಹಾಳಾದರೆ ಎದುರಿಗಿರುವವರು ಮದುಮಗನೋ ಮುದುಕನೋ ನೋಡುತ್ತಿರಲಿಲ್ಲ, ಬೈದುಬಿಡುತ್ತಿದ್ದೆ. ಆಮೇಲೆ ಪಶ್ಚಾತ್ತಾಪ ಪಟ್ಟು ಟೀ ತರಿಸಿಕೊಡುತ್ತಿದ್ದೆ. ಆದರೂ ಜನ ಬರುತ್ತಿದ್ದರು. ಆ ಲೆನ್ಸು ಅಂಥದ್ದು. ಮೂಗಿನ ಪಕ್ಕದ ಮಚ್ಚೆಯನ್ನೂ ಬಿಡುತ್ತಿರಲಿಲ್ಲ.

ಆ ಊರಿನಲ್ಲಿ ಉಸಿರು ಹಿಡಿದುಕೊಳ್ಳಿ ಎನ್ನುವುದು ಎಂಥ ಮಾತು ಎಂದು ನನಗೆ ತಿಳಿದದ್ದು ಬಾವನಿಂದ. ಅಕ್ಕನ ಗಂಡ ಇಪ್ಪತ್ತು ವರ್ಷ ಚಿನ್ನದ ಮೈನ್ಸಿನಲ್ಲಿ ಕೆಳಗಿಳಿದು ಬಂಡೆಗೆ ತೂತು ಕೊರೆದವರು. ಧೂಳು ಎದೆಗೆ ಕೂತಿತ್ತು. ನಾಲ್ಕು ಹೆಜ್ಜೆ ನಡೆದರೆ ನಿಲ್ಲಬೇಕು, ನಾಲ್ಕು ಮಾತಾಡಿದರೆ ಕೆಮ್ಮಬೇಕು. ಡಾಕ್ಟರು ಇನ್ನು ಕೆಳಗಿಳಿಯಕೂಡದು ಎಂದು ಬರೆದುಕೊಟ್ಟಿದ್ದರು. ಕಂಪನಿ ಕೊಟ್ಟಿದ್ದ ಲೈನ್ ಮನೆ ಖಾಲಿ ಮಾಡಿ ಬಂಗಾರಪೇಟೆ ಆಚೆಯ ತಮ್ಮ ಹಳ್ಳಿಗೆ ಹೊರಡಲು ಅವರಿಗೆ ಒಂದು ತಿಂಗಳು ಉಳಿದಿತ್ತು.

ಅಕ್ಕನಿಗೆ ಇದ್ದದ್ದು ಒಂದೇ ಆಸೆ. ಅವಳ ಮದುವೆಯಲ್ಲಿ ಫೋಟೋ ತೆಗೆಸುವ ಅನುಕೂಲ ಇರಲಿಲ್ಲ, ಆಮೇಲೆ ಯಾರಿಗೂ ನೆನಪಾಗಲಿಲ್ಲ. "ಊರೋರ್ಗೆಲ್ಲಾ ತೆಗೀತೀಯ. ನಾವಿಬ್ರೂ ಕೂತಿರೋದು ಒಂದು ತೆಗ್ದುಕೊಡೋ. ಮೊಕ ಕಾಣ್ಬೇಕು, ಅಷ್ಟೇ" ಎಂದಳು. ಆ ಮಾತು ನನಗೆ ಚುಚ್ಚಿತು. ಫೋಟೋದವನ ಅಕ್ಕನ ಮನೆಯ ಗೋಡೆ ಬೋಳಾಗಿತ್ತು.

ಮೂರು ಸಲ ಕೂರಿಸಿದೆ. ಮೂರು ಸಲವೂ ಅಕ್ಕ ಕಲ್ಲಿನಂತೆ ಕುಳಿತಳು, ಬಾವನ ಮುಖ ಮಾತ್ರ ಒರೆಸಿದಂತಾಯಿತು. ಎರಡು ಎಣಿಸುವಷ್ಟರಲ್ಲಿ ಎದೆ ಎದ್ದು ಬೀಳುತ್ತಿತ್ತು, ಇಲ್ಲವೇ ಕೆಮ್ಮು ಬರುತ್ತಿತ್ತು. ಮೂರನೆಯ ಪ್ಲೇಟು ಕೆಟ್ಟಾಗ ನನ್ನ ಬಾಯಿ ನನ್ನ ಹತೋಟಿಯಲ್ಲಿರಲಿಲ್ಲ. "ಮೂರು ಎಣಿಸೋ ತನಕ ತಡ್ಕೊಳ್ಳೋಕಾಗಲ್ವಾ ಬಾವಾ? ಇಪ್ಪತ್ತು ವರ್ಷ ಬಂಡೆ ಕೊರೆದೋರು ನೀವು!" ಎಂದೆ.

ಬಾವ ಕೆಮ್ಮು ಮುಗಿಸಿ, ಟವೆಲಿನಲ್ಲಿ ಬಾಯಿ ಒರೆಸಿಕೊಂಡು, "ಕೊರ್ದಿದ್ದಕ್ಕೇ ಕಣ್ಲಾ ಆಗ್ತಿಲ್ಲ" ಎಂದರು. ಸಿಟ್ಟಿನಿಂದಲ್ಲ, ಸುಮ್ಮನೆ ಹೇಳಿದರು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅವತ್ತು ಟೀ ತರಿಸುವುದಕ್ಕೂ ಮುಖವಿರಲಿಲ್ಲ.

ಬೇರೆ ಸ್ಟುಡಿಯೋಗೆ ಕರೆದುಕೊಂಡು ಹೋಗಬಹುದಿತ್ತು. ಶಟರ್ ಇರುವ ಹೊಸ ಕ್ಯಾಮೆರಾ ಒಬ್ಬಿಬ್ಬರ ಹತ್ತಿರ ಬಂದಿತ್ತು. ಅಕ್ಕ ಒಪ್ಪಲಿಲ್ಲ. "ತಮ್ಮನ್ನ ಬಿಟ್ಟು ಇನ್ನೊಬ್ರತ್ರ ಓಗಿ ಕೂತ್ಕಂಡ್ರೆ ನಿನ್ ಮರ್ವಾದೆ ಏನಾಗ್ಬೇಕು?" ಎಂದಳು. ನಿಜ ಹೇಳಬೇಕೆಂದರೆ ಅವಳು ಒಪ್ಪದಿದ್ದುದು ನನಗೂ ಬೇಕಾಗಿತ್ತು. ಅಷ್ಟು ಹಮ್ಮು ನನ್ನದು.

ಮೈನ್ಸಿನ ಬಿಳಿಯರ ಸಂಸಾರಗಳು ಒಂದೊಂದಾಗಿ ಗಂಟುಮೂಟೆ ಕಟ್ಟುತ್ತಿದ್ದ ಕಾಲ ಅದು. ಅವರು ಬಿಟ್ಟುಹೋದ ಸಾಮಾನೆಲ್ಲ ಆಂಡರ್ಸನ್‌ಪೇಟೆಯ ಗುಜರಿ ಅಂಗಡಿಗಳಿಗೆ ಬರುತ್ತಿತ್ತು. ಅಲ್ಲಿ ಟೀ ಕೆಟಲುಗಳ ಕೆಳಗೆ ಒಂದು ಮಡಿಸುವ ಕ್ಯಾಮೆರಾ ಸಿಕ್ಕಿತು. ಅದರ ಚರ್ಮದ ತಿದಿ ಹರಿದಿತ್ತು, ಗಾಜಿಗೆ ಬೂಷ್ಟು ಹಿಡಿದಿತ್ತು. ಆದರೆ ಗಾಜಿನ ಸುತ್ತ ಶಟರ್ ಇತ್ತು. ಐದು ತೆಳು ಉಕ್ಕಿನ ಎಲೆಗಳು, ಒಂದರ ಮೇಲೊಂದು ಮಡಿಸಿಕೊಂಡು ಕೂತಿದ್ದವು. ಹಳೇ ಎಣ್ಣೆ ಅಂಟಾಗಿ ಅವು ಕದಲುತ್ತಿರಲಿಲ್ಲ. ಮನೆಗೆ ತಂದು, ಗಾಜು ಬಿಚ್ಚಿ, ಪೆಟ್ರೋಲಿನಲ್ಲಿ ಅದ್ದಿ, ಕೋಳಿಗರಿಯಿಂದ ಒರೆಸಿ ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಬೆಳಿಗ್ಗೆ ಕಡ್ಡಿ ಒತ್ತಿದರೆ 'ಟಿಕ್' ಎಂದು ತೆರೆದು ಮುಚ್ಚಿಕೊಂಡಿತು. ಸೆಕೆಂಡಿನ ಇಪ್ಪತ್ತೈದರಲ್ಲಿ ಒಂದು ಪಾಲು ಎಂದು ಅಂಚಿನಲ್ಲಿ ಬರೆದಿತ್ತು. ಅಷ್ಟೇ ಹೊತ್ತೋ, ಅದರ ಮನಸ್ಸಿಗೆ ಬಂದಷ್ಟೋ, ದೇವರಿಗೇ ಗೊತ್ತು. ಅಂತೂ ಯಾವ ಕೆಮ್ಮಿಗೂ ಸಿಗದಷ್ಟು ಬೇಗ.

ಇದನ್ನು ನನ್ನ ದೊಡ್ಡ ಲೆನ್ಸಿಗೆ ಸೇರಿಸುವುದು ಹೇಗೆ? ನನ್ನ ಬುದ್ಧಿವಂತಿಕೆ ಖರ್ಚು ಮಾಡಿದೆ. ಲೆನ್ಸಿನ ಕೊಳವೆಯಲ್ಲಿ ಮುಂದೊಂದು ಹಿಂದೊಂದು ಗಾಜಿನ ಜೋಡಿ ಇರುತ್ತದೆ. ಮುಂದಿನದನ್ನು ಬಿಚ್ಚಿ ನಡುವೆ ಶಟರ್ ತುರುಕಿದೆ. ಎರಡು ಗಾಜುಗಳ ನಡುವಿನ ಅಂತರ ಅರ್ಧ ಬೆರಳು ಹೆಚ್ಚಾಯಿತು. ಅಷ್ಟಕ್ಕೇ ಆ ಲೆನ್ಸು ಕಣ್ಣಿಗೆ ಪೊರೆ ಬಂದ ಹಾಗೆ ಮಾಡಿತು. ಏನು ಮಾಡಿದರೂ ಯಾವುದೂ ಸ್ಪಷ್ಟ ಕಾಣಲಿಲ್ಲ. ಅನ್ನ ಕೊಡುವ ಲೆನ್ಸನ್ನೇ ಕೊಂದೆನೇನೋ ಅನ್ನಿಸಿತು. ಮೊದಲಿದ್ದಂತೆ ತಿರುಗಿಸಿ ಕೂರಿಸಿದ ಮೇಲೆಯೇ ಊಟ ಇಳಿದದ್ದು.

ಮುಂದಿನ ಬೀದಿಯಲ್ಲಿ ಒಬ್ಬ ತಮಿಳು ಮೇಸ್ತ್ರಿ ಲೇತ್ ಇಟ್ಟುಕೊಂಡಿದ್ದ. ಪಂಪಿನ ಭಾಗ, ಸೈಕಲ್ ಆಕ್ಸಲ್ ಎಲ್ಲ ಕಡೆದುಕೊಡುವವನು. ಮುಚ್ಚಳದ ಸಮೇತ ಲೆನ್ಸು, ಶಟರ್ ಎರಡನ್ನೂ ಅವನ ಮುಂದಿಟ್ಟೆ. ಶಟರನ್ನು ನಾಲ್ಕಾರು ಸಲ ಟಿಕ್ಕೆನ್ನಿಸಿ ಮಗುವಿನ ಹಾಗೆ ನಕ್ಕ. "ಎನ್ನಣ್ಣಾ ನೀನು! ಒಳಗ್ಯಾಕೆ ಕೈ ಹಾಕ್ತೀಯ? ಮುಚ್ಚಳ ದಿನಾ ಹಾಕ್ತೀಯಲ್ಲ, ಆ ಮುಚ್ಚಳಕ್ಕೇ ತೂತು ಹಾಕಿ ಇದನ್ನ ಕೂರಿಸಿಬಿಡು. ಲೆನ್ಸ್ ಅದರ ಪಾಡಿಗೆ ಇರ್ಲಿ" ಎಂದ.

ಇಷ್ಟು ಸುಲಭದ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ಆದರೆ ಮುಚ್ಚಳ ತೂತಾದರೆ ಹಳೆಯ ದಾರಿಯೂ ಹೋಯಿತು. "ಯೋಚನೆ ಮಾಡಿ ಹೇಳ್ತೀನಿ" ಎಂದು ಬಾಗಿಲವರೆಗೆ ಬಂದವನು ಬಾವನ ಮಾತು ನೆನಪಾಗಿ ಹಿಂದಕ್ಕೆ ಹೋದೆ. ಅರ್ಧ ಗಂಟೆಯಲ್ಲಿ ಅವನು ಮುಚ್ಚಳದ ನಡುವೆ ಗುಂಡಗೆ ಕಡೆದು, ಶಟರಿನ ಕತ್ತನ್ನು ತೂರಿಸಿ, ಹಿಂದಿನಿಂದ ಅದರದೇ ತಿರುಪು ಬಳೆ ತಿರುಗಿಸಿ ಬಿಗಿ ಮಾಡಿದ. ಲೆನ್ಸಿಗೆ ಒತ್ತಿದರೆ ಡಬ್ಬಿಯ ಮುಚ್ಚಳದಂತೆ ಕೂತಿತು. ಬೆಳಕು ನುಸುಳದಂತೆ ಒಳಗೆ ವೆಲ್ವೆಟ್ ಬಟ್ಟೆ ಅಂಟಿಸಿಕೊಂಡೆ.

ಇನ್ನೇನು ಗೆದ್ದೆ ಎಂದುಕೊಂಡು ಹಿತ್ತಿಲಿನದೊಂದು ಫೋಟೋ ತೆಗೆದೆ. ಒಗೆದ ಬಟ್ಟೆ, ನೀರಿನ ತೊಟ್ಟಿ, ಎಲ್ಲ ಸ್ಪಷ್ಟ. ಆದರೆ ನಡುವೆ ಮಾತ್ರ! ಶಟರಿನ ಬಾಯಿ ನನ್ನ ಲೆನ್ಸಿನ ಬಾಯಿಗಿಂತ ಚಿಕ್ಕದು. ಚಿತ್ರ ತಟ್ಟೆಯ ಹಾಗೆ ಗುಂಡಗೆ ಬಂದು, ಸುತ್ತ ಕಪ್ಪಾಗಿತ್ತು. ದೊಡ್ಡ ಬಾಯಿಯ ಶಟರ್ ಹುಡುಕಲು ದಿನಗಳಿರಲಿಲ್ಲ. ಅಕ್ಕ, ಬಾವ ಹೊರಡುವುದು ಆ ಭಾನುವಾರ. ಬಾವನನ್ನು ಮತ್ತೆ ಹಳ್ಳಿಯಿಂದ ಇಲ್ಲಿಗೆ ಕರೆತರುವ ಮಾತಂತೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ಇಬ್ಬರೂ ಬಂದರು. ಆ ಶಟರಿಗೆ ಬೆಳಕು ಜಾಸ್ತಿ ಬೇಕಾದ್ದರಿಂದ ಹಿತ್ತಿಲಿನಲ್ಲೇ ಬಿಳಿ ಪಂಚೆ ಕಟ್ಟಿ ಎರಡು ಸ್ಟೂಲು ಹಾಕಿದ್ದೆ. ಅಕ್ಕ ಮದುವೆಯ ಸೀರೆ ಉಟ್ಟಿದ್ದಳು. ಗಂಡನಿಂದ ಒಂದು ಮೊಳ ದೂರದಲ್ಲಿ, ಎಲ್ಲ ಜೋಡಿಗಳೂ ಕೂರುವ ಹಾಗೆ ಕುಳಿತಳು. ಶಟರನ್ನು ತೆರೆದಿಟ್ಟು ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ನೋಡಿದರೆ ಅವಳ ಅರ್ಧ ಮುಖ ಕತ್ತಲೆಯಲ್ಲಿತ್ತು. ಕ್ಯಾಮೆರಾ ಹಿಂದೆ ಸರಿಸೋಣವೆಂದರೆ ನನ್ನ ಬೆನ್ನಿಗೆ ಗೋಡೆ.

"ಹತ್ತಿರ ಸರಿಯಕ್ಕಾ."

ಹೆಬ್ಬೆಟ್ಟಿನಷ್ಟು ಸರಿದಳು.

"ಇನ್ನೂ."

"ಥೂ, ನಿಂಗೇನ್ ಬಂತೋ! ತಮ್ಮನ್ ಮುಂದೆ ಗಂಡನ್ ಮೈಮ್ಯಾಲೆ ಬೀಳ್ಲಾ?"

ಶಟರಿನ ಬಾಯಿ ಚಿಕ್ಕದೆಂದು ವಿವರಿಸಿದೆ. ಅವಳು ನಂಬಲಿಲ್ಲ, ನನ್ನ ಕುಚೇಷ್ಟೆ ಅಂದುಕೊಂಡಳು. ಬಾವನಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು. ಅದು ಅಡಗಿದ ಮೇಲೆ ಅವರೇ ಅವಳ ಬೆನ್ನ ಹಿಂದೆ ಕೈ ಹಾಕಿ, "ಬಾರೇ ಇತ್ಲಾಗೆ. ಮದ್ವೇಲೂ ಇಷ್ಟತ್ರ ಕೂತಿರ್ಲಿಲ್ಲ ನೀನು" ಎಂದು ಎಳೆದುಕೊಂಡರು. ಅವರ ಭುಜ ಅವಳ ಭುಜದ ಹಿಂದೆ ಸೇರಿತು, ಕಿವಿ ಅವಳ ಕೂದಲಿಗೆ ತಾಗಿತು. ಅಕ್ಕ ನಾಚಿಕೆಯಿಂದ ನಕ್ಕುಬಿಟ್ಟಳು. ಇಬ್ಬರೂ ಬೆಳಕಿನ ತಟ್ಟೆಯೊಳಗೆ ಬಂದರು.

ಶಟರ್ ಮುಚ್ಚಿ, ಪ್ಲೇಟು ಹಾಕಿ ಪಕ್ಕದಲ್ಲಿ ನಿಂತೆ. "ಉಸಿರಾಡ್ತಾ ಇರಿ ಬಾವಾ, ಏನೂ ತಡ್ಕೋಬೇಡಿ" ಎಂದೆ. ಕಡ್ಡಿ ಒತ್ತಿದೆ.

"ಆಯ್ತು."

"ಏನಾಯ್ತು?" ಎಂದರು ಬಾವ. "ಎಣಿಸ್ಲೇ ಇಲ್ವಲ್ಲೋ!"

ಪ್ಲೇಟು ತೊಳೆದು ಬೆಳಕಿಗೆ ಹಿಡಿದಾಗ ನಾನು ಒಬ್ಬನೇ ಕುಣಿದಾಡಿಬಿಟ್ಟೆ. ಬಾವನ ಗಡ್ಡದ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಸಂಜೆಯೊಳಗೆ ಪ್ರಿಂಟು ಹಾಕಿ, ಕಟ್ಟು ಹಾಕಿಸಿ ಕೊಟ್ಟೆ. ಮರುದಿನ ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡೇ ಬಂಗಾರಪೇಟೆಯ ರೈಲು ಹತ್ತಿದಳು.

ರಾಗಿ ಕೊಯ್ಲು ಮುಗಿಯುವ ಹೊತ್ತಿಗೆ ಬಾವ ಹೋದರು. ಹನ್ನೊಂದನೆಯ ದಿನ ಹಳ್ಳಿಯಲ್ಲಿ ಪೂಜೆಗೆ ಅವರ ಫೋಟೋ ಬೇಕಾಯಿತು. ಇದ್ದದ್ದು ಇದೊಂದೇ. ಬದುಕಿರುವವಳು ಇರುವ ಫೋಟೋಗೆ ಹಾರ ಹಾಕುವ ಹಾಗಿಲ್ಲ. "ಅವನೊಬ್ಬನ್ನೇ ಕತ್ರಿಸಿ ಕೊಡಯ್ಯಾ" ಎಂದರು ಬಾವನ ಅಣ್ಣ. ಇನ್ನೊಂದು ಪ್ರಿಂಟು ಜೊತೆಗೆ ತಂದಿದ್ದೆ, ಕತ್ತರಿ ಹಿಡಿದು ಕುಳಿತೆ. ಎಲ್ಲಿ ಕತ್ತರಿಸಲಿ? ಅವರ ಭುಜ ಅವಳ ಹಿಂದಿತ್ತು, ಕಿವಿ ಅವಳ ಕೂದಲಿನಲ್ಲಿತ್ತು. ಕತ್ತರಿ ಎಲ್ಲಿಟ್ಟರೂ ಅವಳು ಜೊತೆಗೆ ಬರುತ್ತಿದ್ದಳು, ಇಲ್ಲವೇ ಅವರು ಅರ್ಧವಾಗುತ್ತಿದ್ದರು.

"ಎಂಥಾ ಪೋಟೊ ತೆಗ್ದಿದ್ದೀಯಯ್ಯಾ, ಒಂದು ಆರ ಆಕಕ್ಕಾಗಲ್ಲ!" ಎಂದು ಬಾವನ ಅಣ್ಣ ರೇಗಿದರು.

ಅಕ್ಕ ಒಳಗಿಂದ ಬಂದು ನನ್ನ ಕೈಯಿಂದ ಕತ್ತರಿ ತೆಗೆದುಕೊಂಡಳು. "ಕತ್ರಿಸ್ಬೇಡ ಕಣೋ. ಆರ ಆಕ್ಲೇಬೇಕು ಅಂದ್ರೆ ನಾನೂ ಓಗೋಗಂಟ ಕಾಯ್ಲಿ" ಎಂದಳು. ಪೂಜೆ ಫೋಟೋ ಇಲ್ಲದೆಯೇ ಆಯಿತು.

ಅಕ್ಕ ಅದಾದ ಮೇಲೆ ಏಳು ವರ್ಷ ಇದ್ದಳು. ನಾನು ಹೋದಾಗಲೆಲ್ಲ ಅದು ನಡುಮನೆಯ ಗೋಡೆಯ ಮೇಲೆ ಹಾರವಿಲ್ಲದೆ ನಗುತ್ತಿತ್ತು. ಅವಳ ಹನ್ನೊಂದನೆಯ ದಿನಕ್ಕೆ ಹೋಗುವಾಗ ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ ಇಳಿದು ಎರಡು ಹಾರ ಕೊಂಡೆ. ಒಂದೇ ಸಾಕಾಯಿತು.