ಅಡುಗೆಯಮ್ಮ ಬರೆಸಿದ ಸುಳ್ಳು

ನಮ್ಮ ಶಾಲೆಯ ಅಡುಗೆಯಮ್ಮನ ಎಡ ಮುಂಗೈ ತುಂಬ ಹಲ್ಲಿನ ಗುರುತು. ಕೆಲವು ಹಳೆಯವು, ಬೆಳ್ಳಗಾದವು; ಒಂದೆರಡು ಯಾವಾಗಲೂ ಹಸಿ. ಶಾಲೆಯ ಗಂಟೆ ಬಾರಿಸಿದರೆ ಅವರ ಕಿರಿಮಗಳು ಕಿವಿ ಮುಚ್ಚಿಕೊಂಡು ಚೀರುತ್ತಿದ್ದಳು, ಸಿಕ್ಕಿದ್ದನ್ನು ಕಚ್ಚುತ್ತಿದ್ದಳು. ಸಿಕ್ಕಲೆಂದು ತಾಯಿಯೇ ಕೈ ಒಡ್ಡುತ್ತಿದ್ದರು. "ತನ್ನ ಕೈ ಕಚ್ಕೊಳ್ಳೋದ್ಕಿಂತ ನಂದೇ ವಾಸಿ ಬುಡಿ ಮೇಷ್ಟ್ರೇ" ಎಂದು, ಅದೇ ಕೈಯಲ್ಲಿ ಸಾರು ತಿರುವುತ್ತಿದ್ದರು.

ಮಿಡಿಗೇಶಿ ಕಡೆಯ ಆ ಶಾಲೆಗೆ ನಾನು ಮುಖ್ಯೋಪಾಧ್ಯಾಯ. ಹುಡುಗಿಯ ಹೆಸರು ಮೂರನೇ ತರಗತಿಯಲ್ಲಿತ್ತು, ಹುಡುಗಿ ಅಡುಗೆಕೋಣೆಯ ಮೆಟ್ಟಿಲ ಮೇಲೆ. ಅಕ್ಕಿಯಲ್ಲಿನ ಕಲ್ಲು ಆರಿಸಿ ಸಾಲಾಗಿ ಜೋಡಿಸುತ್ತ ಕೂರುತ್ತಿದ್ದಳು. ಕಾಂಪೌಂಡಿನ ಒಳಗೇ ಇದ್ದಾಳಲ್ಲ ಎಂದು ನಾನು ದಿನವೂ ಹಾಜರಿ ಹಾಕುತ್ತಿದ್ದೆ. ಒಂದು ಸಂಜೆ ಅಡುಗೆಯಮ್ಮ ಕೇಳಿದರು: "ದಿನಾ ಹಾಜರಿ ಅಂತೀರಲ್ಲ ಮೇಷ್ಟ್ರೇ, ಇವತ್ತು ಏನ್ ಕಲ್ತ್ಲು?" ನನಗೆ ಕೋಪ ಬಂತು. ಉತ್ತರವಿಲ್ಲದಾಗ ಮೇಷ್ಟ್ರುಗಳಿಗೆ ಬರುವ ಕೋಪ ಅದು.

ಗಂಡ ಎಂದೋ ಬಿಟ್ಟುಹೋಗಿದ್ದ. ಮಗಳನ್ನು ತುಮಕೂರಿನ ಡಾಕ್ಟರಿಗೆ ಒಬ್ಬರೇ ತೋರಿಸಿಕೊಂಡು ಬಂದರು. ಇದು ಆಟಿಸಂ, ಇಂಥ ಮಕ್ಕಳಿಗೆ ಕಲಿಸಲು ತರಬೇತಾದ ಟೀಚರು ಬೇಕು ಎಂದರಂತೆ ಅವರು. ಅಂದಿನಿಂದ ಒಂದೇ ಹಟ: ಮಧುಗಿರಿಯಲ್ಲಿ ಒಂದು ಕೊಠಡಿ, ಒಬ್ಬ ಟೀಚರು. ಭಾನುವಾರಗಳಲ್ಲಿ ಮಗಳ ಕೈಹಿಡಿದು ಬಸ್ಸು ಹತ್ತಿ ಶಿರಾ, ಕೊರಟಗೆರೆ, ಪಾವಗಡ ಸುತ್ತಿ ಅಂಥ ಮಕ್ಕಳ ಹೆತ್ತವರನ್ನು ಹುಡುಕಿದರು. ಗೊರವನಹಳ್ಳಿಗೆ ಹರಕೆಗೆ ಬಂದ ತಾಯಂದಿರನ್ನೂ ಬಿಡಲಿಲ್ಲ. "ದೇವ್ರು ಮಾಡೋದು ದೇವ್ರು ಮಾಡ್ಲಿ ಕಣಮ್ಮ, ನೀನು ಅರ್ಜಿಗೊಂದು ಸೈನ್ ಹಾಕು." ಪಾವಗಡದ ಒಬ್ಬಾಕೆ "ಮಾ ಪಾಪಕ್ಕೆ ಏಂ ಲೇದಮ್ಮಾ, ನಮ್ ಮಗೀಗೆ ಏನೂ ಆಗಿಲ್ಲ, ಮಾತು ತಡ ಅಷ್ಟೆ" ಎಂದು ಬಾಗಿಲು ಹಾಕಿಕೊಂಡಳಂತೆ. ಇವರು ಅವಳ ಜಗಲಿಯಲ್ಲೇ ಕೂತರು, ಬಾಗಿಲು ತೆರೆಯುವ ತನಕ.

ಅರ್ಜಿ ಹಿಡಿದು ಹತ್ತಾರು ಮಂದಿ ಮಧುಗಿರಿಯ ಕಚೇರಿಗೆ ಹೋದೆವು. ನಾನೂ ಇದ್ದೆ, ಎಲ್ಲರ ಹಿಂದೆ. ಅಧಿಕಾರಿ ಒರಟರಲ್ಲ. ಮನೆಮನೆ ಸಮೀಕ್ಷೆಯ ಪಟ್ಟಿ ತೆರೆದು ತೋರಿಸಿದರು. ಆಟಿಸಂ ಕಾಲಂ ಖಾಲಿ. ಅಲ್ಲಿ ನಿಂತಿದ್ದವರ ಅಷ್ಟೂ ಮಕ್ಕಳು ಕಿವುಡು-ಮೂಗು ಎಂದು ದಾಖಲಾಗಿದ್ದರು. "ಇಂಥ ಮಕ್ಕಳೇ ಇಲ್ಲ ಅಂತ ನೀವೇ ಬರೆಸಿದ ಮೇಲೆ ಟೀಚರನ್ನ ನಾನು ಹೇಗೆ ಕೇಳಲಮ್ಮ?"

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಮನೆಯಲ್ಲೊಬ್ಬಳು ಮೂಗಿ ಇದ್ದರೆ ಅಕ್ಕತಂಗಿಯರ ಸಂಬಂಧ ತಪ್ಪುವುದಿಲ್ಲ. ತಲೆ ಸರಿಯಿಲ್ಲ ಎಂದು ಸುದ್ದಿಯಾದರೆ ಗಂಡಿನವರು ಬಂದ ದಾರಿಯಲ್ಲೇ ವಾಪಸ್ಸು. ಆದ್ದರಿಂದ ಸಮೀಕ್ಷೆಗೆ ಹೋದ ಮೇಷ್ಟ್ರ ಮುಂದೆ ಮೂಗು ಎನ್ನುತ್ತಾರೆ, ಮೇಷ್ಟ್ರು ಬರೆದುಕೊಳ್ಳುತ್ತಾರೆ. ಅಡುಗೆಯಮ್ಮನೂ ದೊಡ್ಡ ಮಗಳ ಮದುವೆಗೆ ಮುಂಚೆ ಹಾಗೇ ಬರೆಸಿದ್ದರು. ಬರೆದವನು ನಾನು. ಗಂಟೆ ಸದ್ದಿಗೆ ಚೀರುವ ಹುಡುಗಿಯನ್ನು ಕಿವುಡಿ ಎಂದು ಬರೆದಿದ್ದೆ.

"ಸರ್ವೆ ಮಾಡಿದ ಮೇಷ್ಟ್ರು ಯಾರು?" ಎಂದರು ಅಧಿಕಾರಿ. ನಾನು ಮುಂದಿದ್ದವರ ಬೆನ್ನ ಮರೆಗೆ ಸರಿದೆ. ಅಡುಗೆಯಮ್ಮ ನನ್ನ ಕಡೆ ತಿರುಗಿಯೂ ನೋಡದೆ, "ನಾನೇ ಸುಳ್ಳು ಬರ್ಸಿದ್ದು ಸಾರ್. ಮೇಷ್ಟ್ರುದೇನೂ ತಪ್ಪಿಲ್ಲ" ಎಂದರು.

ಮತ್ತೆ ಸುತ್ತಾಟ ಶುರುವಾಯಿತು. ಮೊದಲು ತಮ್ಮ ಮಗಳ ನಮೂನೆ ತಿದ್ದಿಸಿದರು, ಅದನ್ನೇ ಹಿಡಿದು ಮನೆಮನೆಗೆ ಹೋದರು. "ನಂದು ಬರ್ಸಿವ್ನಿ, ನಿಂದೂ ಬರ್ಸು." ಒಬ್ಬೊಬ್ಬರಾಗಿ ಬರೆಸಿದರು. ಸುದ್ದಿ ದೊಡ್ಡ ಮಗಳ ಗಂಡನ ಮನೆಗೂ ಮುಟ್ಟಿತು. ಅವಳು ಆಗ ಬಸುರಿ. ಹೊಟ್ಟೆಯಲ್ಲಿರುವುದೂ ಹಾಗೇ ಆದರೆ ಎಂದು ಹೆದರಿದ ಅತ್ತೆ ತವರಿನ ದಾರಿಯನ್ನೇ ಮುಚ್ಚಿದರು, ಬಾಣಂತನಕ್ಕೂ ಕಳಿಸಲಿಲ್ಲ. ಮೊಮ್ಮಗಳ ಮುಖವನ್ನು ಅಡುಗೆಯಮ್ಮ ನೋಡಿದ್ದು ಫೋನಿನಲ್ಲಿ ಮಾತ್ರ. ಆ ಫೋಟೋ ನನಗೂ ತೋರಿಸಿ, "ಒಂದ್ ಕಣ್ಣಿಗೆ ಬೆಣ್ಣೆ, ಒಂದ್ ಕಣ್ಣಿಗೆ ಸುಣ್ಣ ಮಾಡ್ಬುಟ್ಟೆ ಮೇಷ್ಟ್ರೇ" ಎಂದು ಅತ್ತರು. ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎದೆಯಲ್ಲಿ ಗಂಟಾಗಿದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿತ್ತು. ನಾನು ಆಸ್ಪತ್ರೆಗೆ ನೋಡಲು ಹೋದಾಗ "ರೂಮು ಆಯ್ತಾ ಮೇಷ್ಟ್ರೇ?" ಎಂದರು. ಆಗುತ್ತೆ ಎಂದೆ. ನಾಲ್ಕು ದಿನಕ್ಕೆ ಹೋಗಿಬಿಟ್ಟರು.

ಮರುವರ್ಷ ಮಧುಗಿರಿಯಲ್ಲಿ ಕೊಠಡಿ ಆಯಿತು. ವಾರಕ್ಕೆ ಎರಡು ದಿನ ಟೀಚರು ಬರುತ್ತಾರೆ. ಪಾವಗಡದ ಆ ತಾಯಿಯೂ ಮಗುವನ್ನು ಕರೆತರುತ್ತಾಳೆ. ಬಾರದಿರುವುದು ಅಡುಗೆಯಮ್ಮನ ಮಗಳೊಬ್ಬಳೇ.

ಅವಳೀಗ ಬುಕ್ಕಾಪಟ್ಟಣದಲ್ಲಿ, ಸೋದರಮಾವನ ಮನೆಯಲ್ಲಿ. ನಿವೃತ್ತನಾದ ಮೇಲೆ ಹೋಗಿ ನೋಡಿದೆ. ರಸ್ತೆಗೆ ಓಡುತ್ತಾಳೆಂದು ಸೊಂಟಕ್ಕೆ ಹಳೆ ಸೀರೆ ಸುತ್ತಿ ಕಂಬಕ್ಕೆ ಕಟ್ಟಿದ್ದರು. ಮಾವ ಕೆಟ್ಟವನಲ್ಲ. "ಕಳ್ಸೋಕೇನು ಮೇಷ್ಟ್ರೇ. ನಾವು ಕೂಲಿಗೆ ಹೋಗೋರು. ಎರಡು ಬಸ್ ಹತ್ಸಿ ಕರ್ಕೊಂಡೋಗೋರು ಯಾರು, ನೀವೇ ಹೇಳಿ" ಎಂದ.

ನನಗೆ ಪಿಂಚಣಿ ಇದೆ, ಬೇಕಾದಷ್ಟು ಪುರುಸೊತ್ತಿದೆ. ನಾನು ಕರೆದುಕೊಂಡು ಹೋಗುತ್ತೇನೆ ಎನ್ನಬೇಕಿತ್ತು. ಮಂಡಿನೋವು, ನೋಡೋಣ ಎಂದು ಹೇಳಿ, ಅವರು ಕೊಟ್ಟ ಕಾಫಿ ಕುಡಿದು ಎದ್ದುಬಂದೆ.