ದೋರನಹಳ್ಳಿಗೆ ತಿರುಗಿ ಬಂದ ಲಾರಿ

ದೆವ್ವ ಕಂಡೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: ಆ ಹೊತ್ತಿಗೆ ಊಟ ಆಗಿತ್ತೋ ಇಲ್ಲವೋ? ಹಸಿದ ಹೊಟ್ಟೆಗೂ ದಣಿದ ಕಣ್ಣಿಗೂ ಏನೇನೋ ಕಾಣುತ್ತದೆ. ಹನ್ನೆರಡು ವರ್ಷ ಪರರ ಲಾರಿ ಓಡಿಸಿದವನು ನಾನು. ಸುಡುಗಾಡಿನ ಪಕ್ಕ, ಹಾಳುಗುಡಿಯ ಮುಂದೆ, ಲಾರಿ ನಿಂತಲ್ಲೇ ಮಲಗಿದ್ದೇನೆ; ಏನೂ ಕಂಡಿರಲಿಲ್ಲ. ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಅಷ್ಟಕ್ಕೂ ಇದರಲ್ಲಿ ನಾನು ಕಂಡದ್ದು ಏನೂ ಇಲ್ಲ. ಕಂಡವರು ಬೇರೆಯವರು. ಅವರು ಕಂಡದ್ದು ನನ್ನನ್ನು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ದೊಡ್ಡ ಯುದ್ಧ ನಡೆದಿತ್ತು, ಪೆಟ್ರೋಲ್ ಸಿಗುತ್ತಿರಲಿಲ್ಲ. ಲಾರಿಗಳ ಮೈಗೆ ಆಳೆತ್ತರದ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಅದರಿಂದ ಬರುವ ಗ್ಯಾಸಿನಲ್ಲಿ ಎಂಜಿನ್ ಓಡಿಸುತ್ತಿದ್ದೆವು. ಅಂಥದೊಂದು ಹಳೆಯ ಲಾರಿಯನ್ನು ನಾನು ಆ ವರ್ಷ ಸ್ವಂತಕ್ಕೆ ಕೊಂಡೆ. ಅಪ್ಪನ ಹೊಲ, ಹೆಂಡತಿಯ ಮೈಮೇಲಿನ ಬಂಗಾರ, ಎರಡೂ ಅದರೊಳಗೆ ಹೋದವು. ಯಾದಗಿರಿ ಸ್ಟೇಷನ್ನಿನ ಹಮಾಲ ಹುಸೇನ್‌ಸಾಬ, ನನಗಿಂತ ಹತ್ತು ವರ್ಷ ಹಿರಿಯ, ನನ್ನ ಜೊತೆ ಬರಲು ಒಪ್ಪಿದ. ನನ್ನನ್ನು ಮೊದಲು "ಮಾಲಕರ" ಎಂದು ಕರೆದವನು ಅವನೇ. ಅವನು ತಮಾಷೆಗೆ ಅಂದಿದ್ದರೂ ನನಗೆ ಮೈ ಉಬ್ಬಿತ್ತು.

ಮೊದಲ ಬಾಡಿಗೆ ಉಪ್ಪಿನದು. ಯಾದಗಿರಿ ಸ್ಟೇಷನ್ನಿನಲ್ಲಿ ತುಂಬಿಕೊಂಡು ಶಹಾಪುರದ ಮೇಲೆ ಸುರಪುರಕ್ಕೆ ಒಯ್ಯಬೇಕು. ಅಂದು ಸುರಪುರದ ಸಂತೆ. ಸಂತೆ ತುಂಬುವುದರೊಳಗೆ ಮಾಲು ಮುಟ್ಟಿದರೆ ಮುಂದಿನ ಬಾಡಿಗೆಯೆಲ್ಲ ನಿನ್ನದೇ, ಇಲ್ಲದಿದ್ದರೆ ಬೇರೆಯವರು ಇದ್ದಾರೆ ಎಂದು ಅಲ್ಲಿಯ ವ್ಯಾಪಾರಿ ಹೇಳಿ ಕಳಿಸಿದ್ದ. ನಸುಕಿನಲ್ಲೇ ಡ್ರಮ್ಮು ಹೊತ್ತಿಸಿ ಹೊರಟೆವು.

ಭೀಮಾ ದಾಟಿ ದೋರನಹಳ್ಳಿ ಮುಟ್ಟಿದಾಗ ಬಿಸಿಲು ಬಿದ್ದಿತ್ತು. ಊರ ಮುಂದೆ ಒಬ್ಬ ರೈತ ದಾರಿಗೆ ಅಡ್ಡ ನಿಂತಿದ್ದ. ಅವನ ಹಿಂದೆ ಅವನ ಮುದುಕಿ ತಾಯಿ. ರೈತನ ಹೆಸರು ಶರಣಪ್ಪ ಎಂದು ಆಮೇಲೆ ತಿಳಿಯಿತು.

"ಯಣ್ಣಾ, ನನ್ನ ಹೆಣ್ತಿ ಎರಡು ದಿನದಿಂದ ಬ್ಯಾನಿ ತಿನ್ನಾಕತ್ತಾಳ," ಎಂದ. "ಕೂಸು ಅಡ್ಡ ತಿರುಗ್ಯದ ಅಂತ ಸೂಲಗಿತ್ತಿ ಕೈ ಬಿಟ್ಟಾಳ. ಯಾದಗಿರಿ ದವಾಖಾನಿಗೆ ಒಯ್ಯಬೇಕ್ರಿ. ಎತ್ತಿನ ಗಾಡ್ಯಾಗ ಆಕಿ ಮುಟ್ಟಂಗಿಲ್ಲ."

"ನಾ ಸುರಪುರಕ್ಕ ಹೊಂಟೀನಿ. ಯಾದಗಿರಿ ಹಿಂದ ಉಳೀತು," ಎಂದೆ.

"ಲಾರಿ ತಿರುಗಸ್ರಿ. ನಿಮ್ಮ ಕಾಲು ಹಿಡೀತೀನಿ."

"ಮಾಲು ತುಂಬ್ಯದ. ಸಂಜಿಗೆ ಖಾಲಿ ಬರತೀನಿ, ಆವಾಗ ಒಯ್ತೀನಿ."

ಮುದುಕಿ ಬಾನೆಟ್ಟಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಅದು ಕಾದಿತ್ತು, ಆದರೂ ಕೈ ತೆಗೆಯಲಿಲ್ಲ. "ಸಂಜಿತನ ಆಕಿ ಇರಂಗಿಲ್ಲಪ್ಪ," ಎಂದಳು. ದನಿ ಎತ್ತಲೂ ಇಲ್ಲ, ಅಳಲೂ ಇಲ್ಲ.

ಸಾಹುಕಾರರ ಲಾರಿ ಓಡಿಸುವಾಗಲೂ ಇಂಥ ಕೋರಿಕೆಗಳು ಎಷ್ಟೋ ಬಂದಿದ್ದವು. ಆಗ ನನ್ನ ಉತ್ತರ ಸಿದ್ಧವಿರುತ್ತಿತ್ತು: ಮಾಲಕರ ಹುಕುಂ ಇಲ್ಲ. ಹಾಗೆಂದು ಮುಂದೆ ಹೋದರೆ ರಾತ್ರಿ ನಿದ್ದೆ ಬರುತ್ತಿತ್ತು. ಅಂದು ಬಾಯಿ ತೆರೆದವನು ಆ ಮಾತನ್ನು ನುಂಗಿಕೊಂಡೆ. ಹುಸೇನ್‌ಸಾಬ ನನ್ನ ಕಡೆ ನೋಡಿದ. ಮುದುಕಿಯನ್ನು ಮಗ ಬದಿಗೆ ಸರಿಸಿದ. ನಾನು ಲಾರಿ ಬಿಟ್ಟೆ.

ಶಹಾಪುರ ದಾಟಿದ ಮೇಲೆ ಒಂದು ಏರಿನಲ್ಲಿ ಗ್ಯಾಸು ಸೋತು ಲಾರಿ ನಿಂತಿತು. ಗ್ಯಾಸು ಸೋಸುವ ಜಾಳಿಗೆಯಲ್ಲಿ ಬೂದಿ ಕಟ್ಟಿಕೊಂಡಿತ್ತು. ಡ್ರಮ್ಮು ಆರುವವರೆಗೆ ಕೈ ಹಾಕುವಂತಿರಲಿಲ್ಲ. ದಾರಿಯ ಪಕ್ಕದ ಬೇವಿನ ಮರದ ಕೆಳಗೆ ಇಬ್ಬರೂ ಕುಳಿತೆವು. ಹುಸೇನ್‌ಸಾಬ ಬೀಡಿ ಸೇದುತ್ತಿದ್ದ. ನಾನು ನಿದ್ದೆ ಮಾಡಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ದೋರನಹಳ್ಳಿಯೇ ತಲೆಯಲ್ಲಿತ್ತು. ಲಾರಿ ತಿರುಗಿಸಿದ್ದರೆ ಎಲ್ಲಿ ತಿರುಗಿಸಬಹುದಿತ್ತು, ಆಕೆಯನ್ನು ಹೇಗೆ ಹತ್ತಿಸಬಹುದಿತ್ತು, ಯಾವ ತಗ್ಗಿನಲ್ಲಿ ಎಷ್ಟು ಮೆಲ್ಲಗೆ ಹೋಗಬಹುದಿತ್ತು ಎಂದು ಯಾದಗಿರಿಯ ತನಕ ಮನಸ್ಸಿನಲ್ಲೇ ಲಾರಿ ಓಡಿಸಿದೆ. ಎರಡು ತಾಸು ಹೀಗೇ ಹೋಯಿತು. ಆಮೇಲೆ ಜಾಳಿಗೆ ತೊಳೆದು, ಇದ್ದಿಲು ತುಂಬಿ, ಸುರಪುರ ಮುಟ್ಟಿದೆವು. ಸಂತೆ ಆಗಷ್ಟೇ ಸೇರುತ್ತಿತ್ತು. ವ್ಯಾಪಾರಿ ಖುಷಿಯಾದ.

ತಿರುಗಿ ಬರುವಾಗ ದೋರನಹಳ್ಳಿಯಲ್ಲಿ ನಿಲ್ಲಿಸದೆ ಹೋಗಿಬಿಡೋಣ ಅನ್ನಿಸಿತ್ತು. ಆದರೆ ಬರುತ್ತೇನೆ ಎಂದಿದ್ದೆ. ಹೊತ್ತು ಮುಳುಗುತ್ತಿತ್ತು. ಮನೆ ಕೇಳಿಕೊಂಡು ಇಬ್ಬರೂ ಹೋದೆವು. ಬಾಗಿಲ ಮುಂದೆ ಜನ ಸೇರಿರುತ್ತಾರೆ, ಅಳು ಕೇಳುತ್ತದೆ ಎಂದುಕೊಂಡಿದ್ದೆ. ಅಂಥದ್ದೇನೂ ಇರಲಿಲ್ಲ. ಮುದುಕಿ ಹೊರಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ಬಾರಪ್ಪ. ದವಾಖಾನಿಗೆ ಮುಟ್ಟಿಸಿ ನೀರೂ ಕುಡೀಲಾರದ ಹೋದೆಂತಲ್ಲ. ಹೆಣ್ಣು ಹುಟ್ಯದ. ಇಬ್ಬರೂ ಉಳದಾರ."

ಬೇರೆ ಯಾವುದೋ ಲಾರಿ ಸಿಕ್ಕಿರಬೇಕು, ಮುದುಕಿಗೆ ಕಣ್ಣು ಮಂಜು ಎಂದುಕೊಂಡೆ. "ಒಯ್ದಾವ ನಾ ಅಲ್ಲಬೇ," ಎಂದೆ. ಕಟ್ಟೆಯ ಮೇಲೆ ಕುಳಿತಿದ್ದ ಸೂಲಗಿತ್ತಿ ನಕ್ಕಳು. ಅವಳೂ ಜೊತೆಗೆ ದವಾಖಾನೆಗೆ ಹೋಗಿ, ಯಾರದೋ ಗಾಡಿಯಲ್ಲಿ ಆಗಷ್ಟೇ ತಿರುಗಿ ಬಂದಿದ್ದಳು.

"ನೀ ಅಲ್ಲದ ಮತ್ತ್ಯಾರು? ಹೋದ ಒಂದು ತಾಸಿಗೆ ತಿರುಗಿ ಬಂದಿ. ಲಾರಿ ಖಾಲಿ ಇತ್ತು. ಹುಲ್ಲು ಹಾಸಿ ಆಕೀನ ಮಲಗಿಸಿದ್ವಿ." ಆಮೇಲೆ ಹುಸೇನ್‌ಸಾಬನನ್ನು ನೋಡಿ, "ಈ ಸಾಬ ಇರಲಿಲ್ಲ. ನೀ ಒಬ್ಬನೇ ಇದ್ದಿ," ಎಂದಳು.

ಆ ಹೊತ್ತಿನಲ್ಲಿ ನಾವಿಬ್ಬರೂ ಬೇವಿನ ಮರದ ಕೆಳಗಿದ್ದೆವು, ಉಪ್ಪಿನ ಚೀಲಗಳು ಲಾರಿಯ ಮೇಲಿದ್ದವು. ಇದು ನನಗಷ್ಟೇ ಅಲ್ಲ, ಹುಸೇನ್‌ಸಾಬನಿಗೂ ಗೊತ್ತು. ಯಾದಗಿರಿಯಲ್ಲಿ ಇಳಿಯುವಾಗ ಅವನು, "ಮಾಲಕರ, ಇದನ್ನ ಯಾರ ಮುಂದೂ ಆಡಬ್ಯಾಡ್ರಿ," ಎಂದ. ಮರುದಿನದಿಂದ ಅವನು ಮತ್ತೆ ಸ್ಟೇಷನ್ನಿನ ಹಮಾಲಿಗೇ ಹೋದ. ಸಿಕ್ಕಾಗ ಸಲಾಂ ಮಾಡುತ್ತಿದ್ದ, ನನ್ನ ಲಾರಿಯನ್ನು ಮಾತ್ರ ಮತ್ತೆ ಹತ್ತಲಿಲ್ಲ.

ನಾನು ಬೆಳಿಗ್ಗೆ ದವಾಖಾನೆಗೆ ಹೋದೆ. ಶರಣಪ್ಪ ಕಂಡವನೇ ಕಾಲಿಗೆ ಬಿದ್ದ. ಅವನನ್ನು ಎಬ್ಬಿಸಿ ಕಂಪೌಂಡರನ ಬಳಿ ಹೋಗಿ, ನಿನ್ನೆ ದೋರನಹಳ್ಳಿಯ ಬಾಣಂತಿಯನ್ನು ತಂದವರು ಯಾರು ಎಂದು ಕೇಳಿದೆ. "ನೀವೇ ಹೇಳಿ ಬರೆಸಿದ್ರಲ್ರಿ," ಎಂದು ಅವನು ರಿಜಿಸ್ಟರು ನನ್ನ ಕಡೆ ತಿರುಗಿಸಿದ. ಸಾಲೆಯಲ್ಲಿ ಕಲಿತ ಉರ್ದು ನನಗೆ ಓದಲು ಬರುತ್ತಿತ್ತು. ನನ್ನ ಹೆಸರು, ನನ್ನ ಅಪ್ಪನ ಹೆಸರು, ಲಾರಿಯ ನಂಬರು. ಒಂದಕ್ಷರವೂ ತಪ್ಪಿರಲಿಲ್ಲ.

ಆಗ ನಮ್ಮ ಕಡೆ ಓಡುತ್ತಿದ್ದ ಲಾರಿಗಳು ಬೆರಳೆಣಿಕೆಯವು. ಎಲ್ಲ ಡ್ರೈವರುಗಳನ್ನೂ ವಿಚಾರಿಸಿದೆ. ಅಂದು ಯಾರೂ ಆ ದಾರಿ ಹಿಡಿದಿರಲಿಲ್ಲ. ಮರದ ಕೆಳಗೆ ನಾನು ಅದನ್ನೇ ಚಿಂತಿಸಿದ್ದು ನಿಜ. ಆದರೆ ಚಿಂತಿಸಿದರೆ ಲಾರಿ ಓಡುತ್ತದೆಯೇ? ಓಡುವಂತಿದ್ದರೆ ನಾವು ಇದ್ದಿಲನ್ನಾದರೂ ಯಾಕೆ ಸುಡುತ್ತಿದ್ದೆವು?

ಸುರಪುರದ ಬಾಡಿಗೆಗಳು ನನಗೇ ಸಿಕ್ಕವು. ದೋರನಹಳ್ಳಿಯ ಮೇಲೆ ಹಾದುಹೋದಾಗಲೆಲ್ಲ ಶರಣಪ್ಪನ ಹೆಂಡತಿ ನೀಲಮ್ಮ ದಾರಿಗೆ ಬಂದು ಬಿಸಿ ರೊಟ್ಟಿಯ ಗಂಟು ಕೊಡುತ್ತಿದ್ದಳು. ನಾನು ಬೇಡ ಅನ್ನುತ್ತಿರಲಿಲ್ಲ. ಹಾಗೆ ಎಷ್ಟೋ ವರ್ಷ ತಿಂದೆ. ನಿಜಾಮರ ಆಳ್ವಿಕೆ ಮುಗಿಯಿತು, ಪೆಟ್ರೋಲ್ ಬಂತು, ಆ ಮಗು ಓಡಾಡುವಂತಾಯಿತು. ಒಂದು ದಿನ ಮಧ್ಯಾಹ್ನ ಅವಳ ಅಂಗಳದಲ್ಲಿ ಕುಳಿತಿದ್ದಾಗ ಅವಳೇ ಆ ದಿನದ ಮಾತು ತೆಗೆದಳು.

"ದಾರಿತುಂಬ ಒಂದು ಮಾತೂ ಆಡಲಿಲ್ಲ ನೀವು. ನಾ ಚೀರಿದಾಗೊಮ್ಮೆ ಲಾರಿ ನಿಲ್ಲಿಸಿ ಹಿಂದ ಬಂದು ನೋಡತಿದ್ರಿ. ಅಳಾಕತ್ತಿದ್ರಿ. ಗಂಡಸರು ಹಂಗ ಅಳೂದು ನಾ ನೋಡಿರಲಿಲ್ಲ."

ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಲಾರಿ ಬಿಟ್ಟು ಹೋದದ್ದು, ಬೇವಿನ ಮರ, ಉಪ್ಪು, ಎಲ್ಲ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರದಲ್ಲಿದ್ದ ಕೈ ನಿಂತಿತು. ಸುಳ್ಳು ಅನ್ನಲಿಲ್ಲ, ದೇವರ ದಯೆ ಅನ್ನಲಿಲ್ಲ. ಮೊರ ಬದಿಗಿಟ್ಟು ಒಳಗೆ ಹೋಗಿ ಎಂದಿನಂತೆ ರೊಟ್ಟಿ ಕಟ್ಟಿಕೊಂಡು ಬಂದಳು. ನನ್ನ ಮುಂದೆ ನಿಂತಳು, ಆದರೆ ಗಂಟು ಚಾಚಲಿಲ್ಲ.

"ಹಂಗಾದ್ರ ಇದನ್ನ ಯಾರಿಗೆ ಕೊಡ್ಲಿ?" ಎಂದು ಕೇಳಿದಳು.

ಸಿಟ್ಟಿನಿಂದ ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು.